ಎರಡೆಕರೆ ಖಾಲಿ ಬಿದ್ದಿದೆ, ಬೇವು ಹಾಕ್ಲಾ ಸಾರ್?

ಪ್ರಶ್ನೆ: ಸಾರ್, ನಮ್ದು ಅರಸೀಕೆರೆ ತಾಲ್ಲೂಕು, ಕಡೂರು ಗಡಿ ಹತ್ರ. ಎರಡೆಕರೆಲಿದ್ದ ತೆಂಗು ಬರಗಾಲದಲ್ಲಿ ಹೋಗಿ ಜಮೀನು ಖಾಲಿ ಬಿದ್ದಿದೆ. ಒಬ್ರು ಬಂದು ಪೂರ್ತಿ ಬೇವು ಹಾಕಿ, ಐದು ವರ್ಷಕ್ಕೆ ಲಕ್ಷಗಟ್ಲೆ ಬರುತ್ತೆ, ಬೀಜ ನಾವೇ ತಗೊಳ್ತೀವಿ ಅಂತಾ ಗಿಡಕ್ಕೆ ಅಡ್ವಾನ್ಸ್ ಕೇಳ್ತಾವ್ರೆ. ಮೂಡಿಗೆರೆಲಿರೋ ನಮ್ಮ ಬಾವನೂ ಕಾಫಿ ತೋಟಕ್ಕೆ ನೆರಳಿಗೆ ಬೇವು ಹಾಕೋಣ ಅಂತಿದಾರೆ. ಇನ್ನೊಂದು ವಿಷ್ಯ, ಮನೆ ಮುಂದಿನ ದೊಡ್ಡ ಬೇವಿನ ಮರ ದೀಪಾವಳಿ ಟೈಮಿಂದ ತುದಿತುದಿ ಒಣಗ್ತಾ ಬರ್ತಿದೆ, ಕಡಿಸಿಬಿಡೋದಾ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೊದಲು ಒಂದು ಮಾತು ಹೇಳಿ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದ್ರೆ ಒಳ್ಳೇದು, ಕೈಯಲ್ಲೇ ಇಟ್ಕೊಳ್ಳಿ. ಆ ಮನುಷ್ಯ ಮುಂದಿನ ಸಲ ಬಂದಾಗ ಒಂದು ಕೆಲಸ ಮಾಡಿ, ಅವರು ಕೊಡೋ ಗಿಡದ ಒಂದು ಎಲೆ ಕೇಳಿ. ಐದು ವರ್ಷಕ್ಕೆ ಲಕ್ಷ ಅನ್ನೋ ಮಾತು ಕೇಳಿದ ಕೂಡ್ಲೇ ನನಗೆ ಅನುಮಾನ ಬಂದಿದ್ದು ಅವರು ಹೇಳ್ತಿರೋದು ಕಹಿಬೇವೋ ಹೆಬ್ಬೇವೋ ಅಂತ. ನಮ್ಮ ಕಡೆ ಎರಡಕ್ಕೂ ಬೇವು ಅಂತಾನೇ ಅಂದುಬಿಡ್ತಾರೆ, ಆದ್ರೆ ಎರಡೂ ಬೇರೆ ಬೇರೆ ಮರ. ಹೆಬ್ಬೇವು ಪ್ಲೈವುಡ್ಡಿಗೆ ಹೋಗೋ ಮರ, ಸರಸರ ಬೆಳೆಯುತ್ತೆ, ಆರೇಳು ವರ್ಷಕ್ಕೆ ಕಟಾವಿಗೆ ಬರುತ್ತೆ, ಆದ್ರೆ ಅದರ ಬೀಜದಿಂದ ನಮಗೆ ಬೇಕಾದ ಬೇವಿನ ಎಣ್ಣೆ ಬರಲ್ಲ. ಕಹಿಬೇವಿಂದ ಎಣ್ಣೆ ಬರುತ್ತೆ, ಅದು ನಿಧಾನದ ಮರ.

ಗುರುತು ಹಿಡಿಯೋದು ಕಷ್ಟ ಇಲ್ಲ. ಕಹಿಬೇವಿನ ಎಲೆ ಕೈಯಲ್ಲಿ ಹಿಡೀರಿ, ಒಂದೇ ಕಡ್ಡಿ, ಅದರ ಎರಡೂ ಕಡೆಗೆ ಕುಡುಗೋಲಿನ ಥರ ಬಾಗಿದ ಪುಟ್ಟ ಎಲೆಗಳು, ಅಂಚಲ್ಲಿ ಗರಗಸದ ಹಲ್ಲು, ಒಂದೊಂದು ಎಲೆಯ ಬುಡ ನೋಡಿದ್ರೆ ಒಂದು ಪಕ್ಕ ಅಗಲ ಇನ್ನೊಂದು ಪಕ್ಕ ಸಣ್ಣ, ಸೊಟ್ಟ ಕತ್ತರಿಸಿದ ಹಾಗೆ. ಹೆಬ್ಬೇವಲ್ಲಿ ಮುಖ್ಯ ಕಡ್ಡಿಯಿಂದ ಮತ್ತೆ ಪಕ್ಕದ ಕಡ್ಡಿಗಳು ಒಡೆದು ಅದರ ಮೇಲೆ ಎಲೆ ಬಂದಿರುತ್ತೆ, ಅಂದ್ರೆ ಕವಲಿನೊಳಗೆ ಕವಲು. ಕಹಿಬೇವಲ್ಲಿ ಈ ಕವಲು ಇರೋದೇ ಇಲ್ಲ. ನೀಲಿ ಹೂ ಬಿಡೋ ಇನ್ನೊಂದು ಮರ ಇದೆ, ಬೇವಿನ ಥರಾನೇ ಕಾಣುತ್ತೆ, ಅದರ ಎಲೇನೂ ಹೀಗೇ ಕವಲೊಡೆದಿರುತ್ತೆ, ಅದೂ ಕಹಿಬೇವಲ್ಲ. ಕಹಿಬೇವಿನ ಹೂ ಬಿಳಿ, ಯುಗಾದಿಗೆ ಬೆಲ್ಲದ ಜೊತೆ ಹಾಕೋದು ನಿಮಗೆ ಗೊತ್ತಿರೋದೆ. ಇನ್ನು ಕರಿಬೇವು, ಹೆಸರಲ್ಲಿ ಮಾತ್ರ ಬೇವು, ಅದು ನಿಂಬೆ ಕುಟುಂಬದ್ದು.

ಸರಿ, ಅವರು ತೋರಿಸಿದ್ದು ನಿಜವಾದ ಕಹಿಬೇವೇ ಅಂತಲೇ ಇಟ್ಕೊಳ್ಳೋಣ. 5 ಮೀಟರಿಗೊಂದು ಹಾಕಿದ್ರೆ ಎಕರೆಗೆ 160 ಗಿಡ ಕೂರುತ್ತೆ, ಎರಡೆಕರೆಗೆ 320. ಬೇವು ಮೊದಲು ಕಾಯಿ ಬಿಡೋದು ಮೂರರಿಂದ ಐದು ವರ್ಷಕ್ಕೆ, ಅದೂ ಲೆಕ್ಕಕ್ಕೆ ಹಿಡಿಯೋಷ್ಟಲ್ಲ. ಚೆನ್ನಾಗಿ ಬಿಡೋಕೆ ಹತ್ತು ವರ್ಷ ಬೇಕು, ಆಗ ಒಂದು ಒಳ್ಳೇ ಮರ 30ರಿಂದ 50 ಕೆಜಿ ಹಣ್ಣು ಕೊಡಬಹುದು. ಸುಮಾರು 30 ಕೆಜಿ ಬೀಜ ಗಾಣಕ್ಕೆ ಹಾಕಿದ್ರೆ 6 ಕೆಜಿ ಎಣ್ಣೆ, 24 ಕೆಜಿ ಹಿಂಡಿ ಅನ್ನೋದು ಮಾಮೂಲಿ ಲೆಕ್ಕ. ಈಗ ನೀವೇ ಯೋಚ್ನೆ ಮಾಡಿ, 320 ಮರದ ಕೆಳಗೆ ಜೂನ್ ತಿಂಗಳಲ್ಲಿ, ಮಳೆ ಹನಿತಾ ಇರೋವಾಗ, ರಾಗಿ ಬಿತ್ತನೆಗೆ ಭೂಮಿ ರೆಡಿ ಮಾಡೋ ಹೊತ್ತಲ್ಲಿ, ಒಂದೊಂದೇ ಹಣ್ಣು ಆರಿಸೋರು ಯಾರು? ಆಳು ಸಿಗಲ್ಲ, ಸಿಕ್ಕಿದ್ರೆ ಕೂಲಿ ಬೀಜದ ರೇಟನ್ನೇ ನುಂಗುತ್ತೆ. ಬೀಜ ನಾವೇ ತಗೊಳ್ತೀವಿ ಅಂದೋರು ಹತ್ತು ವರ್ಷ ಆದ್ಮೇಲೆ ಯಾವ ಊರಲ್ಲಿರ್ತಾರೋ ಯಾರಿಗೆ ಗೊತ್ತು. ಹಂಗಾಗಿ ಪೂರ್ತಿ ಜಮೀನಿಗೆ ಬೇವು ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಹಾಗಂತ ಬೇವೇ ಬೇಡ ಅಂತಲ್ಲ. ಬದುವಿಗೆ ಹಾಕಿ. ಬೇವಿನ ದುಡ್ಡು ಬರೋದು ಮಾರೋದ್ರಲ್ಲಿ ಅಲ್ಲ ಕಣ್ರಿ, ನೀವು ಅಂಗಡಿಗೆ ಹೋಗಿ ಕೊಡ್ತಿರೋ ದುಡ್ಡು ಉಳಿಯೋದ್ರಲ್ಲಿ. ಎರಡೆಕರೆ ಚೌಕಾಕಾರ ಇದ್ರೆ ಸುತ್ತಲಿನ ಬದು ಅಂದಾಜು 360 ಮೀಟರ್ ಆಗುತ್ತೆ, 6 ಮೀಟರಿಗೊಂದು ಅಂದ್ರೆ 60 ಗಿಡ. ಅಷ್ಟೂ ಬೇಕಾಗಿಲ್ಲ, ರಸ್ತೆ ಕಡೆ ಮತ್ತೆ ಹಳ್ಳದ ಕಡೆ ಬದುಗೆ 30 ಸಾಕು. ದಾಯಾದಿಗಳ ಕಡೆ ಬದು ಬಿಟ್ಟುಬಿಡಿ, ಇವತ್ತು ಚಿಕ್ಕ ಗಿಡ ಅಂತ ಯಾರೂ ಮಾತಾಡಲ್ಲ, ಹದಿನೈದು ವರ್ಷ ಆದ್ಮೇಲೆ ನಿಮ್ಮ ಮರದ ನೆರಳಿಗೆ ನನ್ನ ರಾಗಿ ತೆನೆ ಕಟ್ಟಲಿಲ್ಲ ಅಂತ ಪಂಚಾಯ್ತಿ ಸೇರುತ್ತೆ, ಅಂಥ ಎರಡು ಪಂಚಾಯ್ತೀಲಿ ನಾನೇ ಕೂತಿದೀನಿ. ಖಾಲಿ ಇರೋ ನಡುವಿನ ಜಾಗದಲ್ಲಿ ರಾಗಿ, ಹುರಳಿ, ಅವರೆ, ತೊಗರಿ ಹಾಕ್ಕೊಂಡು ಹೋಗಿ, ನೀರಿನ ಅನುಕೂಲ ನೋಡ್ಕೊಂಡು ಮತ್ತೆ ತೆಂಗಿಗೂ ಕೈ ಹಾಕಬಹುದು.

ನಿಮ್ಮ ಭೂಮಿ ಬೇವಿಗೆ ಹೇಳಿ ಮಾಡಿಸಿದ್ದು. ಅರಸೀಕೆರೆ ಕಡೂರು ಸೀಮೆಲಿ ವರ್ಷಕ್ಕೆ 600–700 ಮಿಮೀ ಆಸುಪಾಸು ಮಳೆ, ಬೇವಿಗೆ 400ರಿಂದ 1200 ಮಿಮೀ ಒಳಗಿದ್ರೆ ಖುಷಿ. ಕಲ್ಲುಗರಸು ಜಮೀನಾದ್ರೂ ಬರುತ್ತೆ, ಸ್ವಲ್ಪ ಚೌಳಿದ್ರೂ ತಡ್ಕೊಳ್ಳುತ್ತೆ, ತಾಯಿಬೇರು ಆಳಕ್ಕೆ ಇಳಿಯೋದ್ರಿಂದ ಬರಕ್ಕೆ ಜಗ್ಗಲ್ಲ. ಅದಕ್ಕೆ ಆಗದೇ ಇರೋದು ಒಂದೇ, ಬುಡದಲ್ಲಿ ನೀರು ನಿಲ್ಲೋದು. ಕೆರೆ ಹಿನ್ನೀರು ಬಂದು ನಿಲ್ಲೋ ಮೂಲೆ ಇದ್ರೆ ಅಲ್ಲಿ ಹಾಕಬೇಡಿ.

ಗಿಡಕ್ಕೆ ಯಾರಿಗೂ ಅಡ್ವಾನ್ಸ್ ಕೊಡೋ ಅವಶ್ಯಕತೆ ಇಲ್ಲ. ಅರಣ್ಯ ಇಲಾಖೆ ನರ್ಸರೀಲಿ ಕಮ್ಮಿ ರೇಟಿಗೆ ಸಿಗುತ್ತೆ, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೇಲಿ ಹೆಸರು ಬರೆಸಿದ್ರೆ ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನಾನೂ ಬರುತ್ತೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಮಳೆಗಾಲಕ್ಕೆ ಮೊದಲೇ ರೇಂಜ್ ಆಫೀಸಿಗೆ ಹೋಗಿ ವಿಚಾರಿಸಿ. ಇಲ್ಲಾ ಅಂದ್ರೆ ನೀವೇ ಬೀಜ ಹಾಕಿ, ಅದಕ್ಕಿಂತ ಸುಲಭ ಇಲ್ಲ, ಆದ್ರೆ ಒಂದು ಗುಟ್ಟು ಗೊತ್ತಿರಬೇಕು.

ಈ ಗುಟ್ಟು ನಾನು ಕಲ್ತಿದ್ದು ಮುಖಭಂಗ ಮಾಡ್ಕೊಂಡು. ಕೆಲಸಕ್ಕೆ ಸೇರಿದ ಹೊಸತು, ಜೂನಲ್ಲಿ ಮೂಟೆಗಟ್ಲೆ ಬೇವಿನ ಬೀಜ ಆರಿಸಿ ತರಿಸಿದ್ದೆ, ಚೀಲ ತುಂಬೋಕೆ ಮಣ್ಣು ಬರೋದು ಲೇಟಾಯ್ತು, ಬೀಜ ಎಲ್ಲೂ ಹೋಗಲ್ಲ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಆಫೀಸ್ ಮೂಲೇಲಿ ಇಟ್ಟು ಅಕ್ಟೋಬರಲ್ಲಿ ಬಿತ್ತಿಸಿದೆ. ಎರಡು ಸಾವಿರ ಚೀಲ. ಒಂದು ವಾರ ಆಯ್ತು, ಎರಡು ವಾರ ಆಯ್ತು, ತಿಂಗಳಾಯ್ತು, ಮೊಳಕೆ ಬಂದಿದ್ದು ಎಣಿಸೋಕೆ ಎರಡು ಕೈ ಬೆರಳು ಸಾಕಾಗಿತ್ತು. ನರ್ಸರಿ ನೋಡ್ಕೊಳ್ತಿದ್ದ ವಯಸ್ಸಾದ ಮಾಲಿ ಒಬ್ರು, ಏನೂ ಮಾತಾಡ್ದೆ ಉಳಿದ ಬೀಜ ಒಂದನ್ನ ಕಲ್ಲಲ್ಲಿ ಒಡೆದು ಉಗುರಲ್ಲಿ ಸೀಳಿ ತೋರಿಸಿದ್ರು. ಒಳಗೆ ಕಂದು ಬಣ್ಣ. "ಹಸಿರಿದ್ರೆ ಜೀವ ಐತೆ, ಇದು ಸತ್ತೋಗಿ ಎಷ್ಟು ದಿನ ಆಯ್ತೋ" ಅಂದ್ರು. ಅಷ್ಟೇ. ಬೇವಿನ ಬೀಜ ರಾಗಿ ಥರ ವರ್ಷಗಟ್ಲೆ ಕಾಯಲ್ಲ, ಮೊಳೆಯೋ ಶಕ್ತಿ ಕೆಲವೇ ವಾರ. ಇವತ್ತಿಗೂ ಬಿತ್ತೋ ಮುಂಚೆ ನಾಲ್ಕು ಬೀಜ ಸೀಳಿ ನೋಡ್ತೀನಿ, ತಿರುಳು ಹಸಿರಿದ್ರೆ ಮಾತ್ರ ಮುಂದಕ್ಕೆ.

ಹಾಗಾಗಿ ಮರದಲ್ಲಿ ಹಣ್ಣು ಹಳದಿಗೆ ತಿರುಗ್ತಿದ್ದ ಹಾಗೇ ಆರಿಸಿ, ನೀರಲ್ಲಿ ಕಿವುಚಿ ಲೋಳೆ ತೆಗೀರಿ, ತೊಳೆದು ಒಂದೆರಡು ದಿನ ನೆರಳಲ್ಲಿ ಆರಿಸಿ ತಕ್ಷಣ ಬಿತ್ತಿ. ಬಾವಲಿ, ಕಾಗೆ, ಗೊರವಂಕ ಹಣ್ಣು ತಿಂದು ಉದುರಿಸಿರೋ ಬೀಜ ಸಿಕ್ಕಿದ್ರೆ ಇನ್ನೂ ಸಲೀಸು, ಲೋಳೆ ತೆಗೆಯೋ ಕೆಲಸ ಅವೇ ಮುಗಿಸಿರ್ತವೆ. ಬೀಜ ಅಡ್ಡಲಾಗಿ ಮಲಗಿಸಿ ಒಂದು ಸೆಂಟಿಮೀಟರ್ ಚಿಲ್ಲರೆ ಆಳಕ್ಕೆ ಇಡಿ, ಒಂದರಿಂದ ಮೂರು ವಾರದಲ್ಲಿ ಮೊಳಕೆ ಬರುತ್ತೆ. ಮುಂದಿನ ವರ್ಷ ಮುಂಗಾರಿಗೆ ಗಿಡ ನೆಡೋ ಹದಕ್ಕೆ ಬಂದಿರುತ್ತೆ. ಏಪ್ರಿಲ್ ಮೇ ಬಿಸಿಲಲ್ಲಿ ಒಂದೂವರೆ ಅಡಿ ಉದ್ದ ಅಗಲ ಆಳದ ಗುಂಡಿ ತೆಗೆಸಿ ಬಿಸಿಲು ಕಾಯೋಕೆ ಬಿಡಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಮಣ್ಣಿಗೆ ಕಲಸಿ, ಎರಡು ಹದ ಮಳೆ ಬಿದ್ಮೇಲೆ ನೆಡಿ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು, ಜಾಲಿಮುಳ್ಳಿನ ಬೇಲಿ, ಇಷ್ಟೇ. ಬೇವು ಕಹಿ ಅಂತ ಆಡು ಮುಟ್ಟಲ್ಲ ಅಂದ್ಕೋಬೇಡಿ, ಆಡು ಬೇವಿನ ಸೊಪ್ಪನ್ನ ಹಬ್ಬದೂಟದ ಥರ ತಿನ್ನುತ್ತೆ. ಎರಡು ವರ್ಷ ದಾಟಿಸಿದ್ರೆ ಆಮೇಲೆ ಅದರ ಪಾಡಿಗೆ ಅದು.

ನಿಮ್ಮ ಮರ ಬೆಳೆಯೋ ತನಕ ಕಾಯಬೇಕಿಲ್ಲ. ಊರಲ್ಲಿ ಮಾರಮ್ಮನ ಗುಡಿ ಹತ್ರ, ಅರಳಿಕಟ್ಟೆಲಿ ಅರಳಿಗೆ ಮದುವೆ ಮಾಡಿಟ್ಟಿರೋ ಬೇವು, ಸ್ಕೂಲ್ ಕಾಂಪೌಂಡು, ಎಲ್ಲಾ ಕಡೆ ಜೂನ್ ಜುಲೈಲಿ ಬೀಜ ಉದುರಿ ಕಾಲಿಗೆ ಅಂಟ್ತಾ ಇರುತ್ತೆ, ಜನ ಗುಡಿಸಿ ತಿಪ್ಪೆಗೆ ಹಾಕ್ತಾರೆ, ಆಮೇಲೆ ಸೆಪ್ಟೆಂಬರಲ್ಲಿ ಅದೇ ಜನ ಅಂಗಡೀಲಿ ಬೇವಿನ ಔಷಧಿ ಅಂತ ಬಾಟ್ಲಿ ಕೊಂಡ್ಕೊಂಡು ಬರ್ತಾರೆ, ಇದನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಬೆಳಗ್ಗೆ ಮರದ ಕೆಳಗೆ ಒಂದು ಹಳೇ ಟಾರ್ಪಾಲು ಹಾಸಿ, ಸಂಜೆ ಎತ್ಕೊಂಡು ಹೋಗಿ, ಮಣ್ಣು ತಾಗದ ಬೀಜಕ್ಕೆ ಬೂಷ್ಟು ಹಿಡಿಯೋದು ಕಮ್ಮಿ. ಲೋಳೆ ತೊಳೆದು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗೋಣಿಚೀಲದಲ್ಲೋ ಬಟ್ಟೆ ಚೀಲದಲ್ಲೋ ಗಾಳಿ ಆಡೋ ಕಡೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ನನ್ನ ಕಥೆ ಕೇಳಿದ್ರಲ್ಲ.

ಇಲ್ಲೊಂದು ತಮಾಷೆ ನೋಡಿ, ಬಿತ್ತನೆಗೆ ಬೀಜ ತಾಜಾ ಇರಬೇಕು, ಕಷಾಯಕ್ಕೆ ಮಾತ್ರ ಮೂರು ತಿಂಗಳಾದ್ರೂ ಹಳೇದಿರಬೇಕು, ಎಂಟು ಹತ್ತು ತಿಂಗಳು ದಾಟಿರಬಾರದು. ಅಂದ್ರೆ ಜೂನಲ್ಲಿ ಆರಿಸಿದ್ದು ಸೆಪ್ಟೆಂಬರಿಂದ ಯುಗಾದಿ ತನಕ ಸರಿಯಾದ ಹದ.

ಮಾಡೋ ವಿಧಾನ ಹೀಗೆ. ಶೇ. 5ರ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕೆಜಿ ತಿರುಳು. ಬೀಜ ಒಡೆದು ಸಿಪ್ಪೆ ಕೇರಿ ತಿರುಳು ತೆಗೆಯೋಕೆ ಪುರುಸೊತ್ತಿಲ್ಲ ಅಂದ್ರೆ ಸಿಪ್ಪೆ ಸಮೇತ ಕುಟ್ಟಿ, ಆಗ ಒಂದೂವರೆ ಪಟ್ಟು ಹಾಕಿ. ತರಿತರಿಯಾಗಿ ಪುಡಿ ಮಾಡಿ, ಮಿಕ್ಸೀಲಿ ತುಂಬ ನುಣ್ಣಗೆ ತಿರುವಿದ್ರೆ ಎಣ್ಣೆ ಬಿಟ್ಕೊಂಡು ಅಂಟಂಟಾಗುತ್ತೆ (ಮತ್ತೆ ಆ ಮಿಕ್ಸಿ ಜಾರನ್ನ ಮನೆಯವರು ಚಟ್ನಿಗೆ ಇಟ್ಕೊಳ್ಳಲ್ಲ, ಒಳಕಲ್ಲೇ ವಾಸಿ). ಪುಡೀನ ತೆಳು ಬಟ್ಟೇಲಿ ಗಂಟು ಕಟ್ಟಿ ಹತ್ತು ಲೀಟರ್ ನೀರಲ್ಲಿ ರಾತ್ರಿ ಪೂರ್ತಿ ನೆನೆಹಾಕಿ. ಬೆಳಗ್ಗೆ ಗಂಟನ್ನ ಹಿಂಡಿ, ಅದ್ದಿ, ಮತ್ತೆ ಹಿಂಡಿ, ಹಾಲಿನ ಥರ ಬೆಳ್ಳಗೆ ಬರುತ್ತೆ, ಹಿಂಡಿದ ನೀರು ತೆಳುವಾಗೋ ತನಕ ಬಿಡಬೇಡಿ. ಆ ಹಾಲನ್ನ ಸೋಸಿ, 200 ಗ್ರಾಂ ಸೋಪಿನ ಪುಡಿ ಬೇರೆ ನೀರಲ್ಲಿ ಕರಗಿಸಿ ಸೇರಿಸಿ, ಒಟ್ಟು 100 ಲೀಟರ್ ಮಾಡಿ. ಸೋಸೋದ್ರಲ್ಲಿ ಸೋಮಾರಿತನ ಮಾಡಿದ್ರೆ ನಾಜಲ್ ಕಟ್ಕೊಂಡು ಹೊಲದ ಮಧ್ಯೆ ನಿಂತ್ಕೊಂಡು ಪಿನ್ ಹುಡುಕಬೇಕಾಗುತ್ತೆ. ಅವತ್ತೇ ಹೊಡೀಬೇಕು, ಸಂಜೆ ನಾಲ್ಕರ ಮೇಲೆ, ಯಾಕಂದ್ರೆ ಬಿಸಿಲು ಬಿದ್ರೆ ಅದರ ಶಕ್ತಿ ಹೋಗುತ್ತೆ, ಜೇನಿನ ಓಡಾಟಾನೂ ಆ ಹೊತ್ತಿಗೆ ಕಮ್ಮಿ ಆಗಿರುತ್ತೆ. ಹೂ ಬಿಟ್ಟಿರೋ ಗಿಡಕ್ಕೆ ಹೊಡೆಯೋದು ತಪ್ಪಿಸಿ.

ಎಣ್ಣೆ ಬಳಸೋದಾದ್ರೆ ಲೀಟರಿಗೆ 3ರಿಂದ 5 ಎಂಎಲ್, ಸೋಪು ಕಡ್ಡಾಯ. ಸೋಪಿಲ್ಲದ ಎಣ್ಣೆ ನೀರಿನ ಮೇಲೆ ತೇಲುತ್ತೆ, ಮೊದಲ ಸಾಲಿಗೆ ಬರೀ ನೀರು, ಕೊನೇ ಸಾಲಿಗೆ ಬರೀ ಎಣ್ಣೆ ಬಿದ್ದು ಎಲೆ ಸುಟ್ಟ ಹಾಗಾಗುತ್ತೆ. ಸ್ವಂತ ಬದನೆ ಮಡೀಲಿ ನಾನೇ ಮಾಡಿ ನೋಡಿರೋ ತಪ್ಪಿದು, ಬೇಕಾಗಿ ಮಾಡಿದ್ದಲ್ಲ. ಅಂಗಡಿ ಬಾಟ್ಲಿ ತರೋದೇ ಆದ್ರೆ ಕಂಪನಿ ಹೆಸರಿಗಿಂತ ಮೊದಲು ಪಿಪಿಎಂ ನೋಡಿ, 300, 1500, 10000 ಅಂತ ಇರುತ್ತೆ. ಅದು ಅಜಾಡಿರಾಕ್ಟಿನ್ ಅನ್ನೋ ಸತ್ವದ ಅಳತೆ, ಅದರ ಮೇಲೆ ಎಷ್ಟು ಹಾಕಬೇಕು ಅನ್ನೋದು ಬದಲಾಗುತ್ತೆ, ಲೇಬಲ್ ಓದದೆ ಮುಚ್ಚಳದ ಲೆಕ್ಕದಲ್ಲಿ ಸುರಿಯೋದು ಬೇಡ.

ಈಗ ಬೇವಿನ ಮೇಲೆ ಇರೋ ದೊಡ್ಡ ದೂರು, "ಹೊಡೆದೆ ಸಾರ್, ಹುಳ ಸಾಯ್ಲಿಲ್ಲ". ಸಾಯಲ್ಲ, ಬೆಳಗ್ಗೆ ಹೊಡೆದು ಮಧ್ಯಾಹ್ನ ಹುಳ ಉದುರಿದ್ಯಾ ಅಂತ ನೋಡೋ ಔಷಧಿ ಅಲ್ಲ ಅದು. ಹುಳ ಪೊರೆ ಬಿಟ್ಟು ದೊಡ್ಡದಾಗೋಕೆ ಒಂದು ಹಾರ್ಮೋನ್ ಬೇಕು, ಅಜಾಡಿರಾಕ್ಟಿನ್ ಅದನ್ನ ಕೆಡಿಸುತ್ತೆ, ಹುಳ ಪೊರೆ ಬಿಡೋಕಾಗದೆ ಒದ್ದಾಡುತ್ತೆ, ಮೇವೂ ಬಿಡುತ್ತೆ. 1959ರಲ್ಲಿ ಸುಡಾನಿಗೆ ಮಿಡತೆ ದಂಡು ನುಗ್ಗಿದಾಗ ಸುತ್ತಲಿನ ಹಸಿರೆಲ್ಲ ಬೋಳಾಗಿ ಬೇವಿನ ಮರ ಮಾತ್ರ ಹಾಗೇ ನಿಂತಿದ್ದನ್ನ ಹೈನ್ರಿಶ್ ಶ್ಮುಟ್ಟರರ್ ಅನ್ನೋ ಜರ್ಮನ್ ಕೀಟತಜ್ಞ ಕಣ್ಣಾರೆ ನೋಡಿದ್ರು, ಬೇವಿನ ಮೇಲೆ ಜಗತ್ತಿನ ವಿಜ್ಞಾನಿಗಳ ಕಣ್ಣು ಬೀಳೋಕೆ ಅದೂ ಒಂದು ಕಾರಣ. ನಮ್ಮಜ್ಜಿ ಅವರೆಕಾಳಿನ ಮಡಕೆಗೆ ಬೇವಿನ ಸೊಪ್ಪು ಹಾಕಿಡ್ತಿದ್ದಿದ್ದು ಅದಕ್ಕಿಂತ ಎಷ್ಟೋ ಹಿಂದೆ ಬಿಡಿ. ಆಮೇಲೆ ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯೋ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತೆ ಡಬ್ಲ್ಯೂ.ಆರ್. ಗ್ರೇಸ್ ಕಂಪನಿ ಸೇರಿ 1994ರಲ್ಲಿ ಯುರೋಪಲ್ಲಿ ಪೇಟೆಂಟ್ ತಗೊಂಡಿದ್ದು, ಪರಿಸರ ಹೋರಾಟಗಾರ್ತಿ ವಂದನಾ ಶಿವ ಮುಂತಾದೋರು ಇದು ನಮ್ಮಲ್ಲಿ ಮೊದಲೇ ಗೊತ್ತಿದ್ದ ವಿದ್ಯೆ ಅಂತ ತಕರಾರು ತೆಗೆದು 2000ದಲ್ಲಿ ರದ್ದು ಮಾಡಿಸಿದ್ದು, ಮೇಲ್ಮನವೀನೂ 2005ರಲ್ಲಿ ಬಿದ್ದುಹೋಗಿದ್ದು ನಿಮಗೆ ಪೇಪರಲ್ಲಿ ಓದಿ ನೆನಪಿರಬಹುದು.

ಹಾಗಾಗಿ ಹುಳ ಮರಿ ಇರೋವಾಗ್ಲೇ ಹೊಡೀರಿ. ಗಿಡಹೇನು, ಬಿಳಿನೊಣ, ಟೊಮ್ಯಾಟೊದ ರಂಗೋಲಿ ಹುಳು, ಕೋಸಿನ ಎಲೆ ತೂತು ಮಾಡೋ ಸಣ್ಣ ಹುಳ, ಇವಕ್ಕೆಲ್ಲ ವಾರ ಹತ್ತು ದಿನಕ್ಕೊಂದ್ಸಲ ಹೊಡೆದ್ರೆ ಚೆನ್ನಾಗಿ ಹಿಡಿತಕ್ಕೆ ಬರುತ್ತೆ. 2018ರಿಂದ ಮುಸುಕಿನ ಜೋಳಕ್ಕೆ ಬಂದಿದೆಯಲ್ಲ ಫಾಲ್ ಸೈನಿಕ ಹುಳು, ಅದಕ್ಕೂ ಮೊಟ್ಟೆ ಕಂಡ ದಿನ ಸುಳಿಗೆ ಬೀಳೋ ಹಾಗೆ ಹೊಡೆದ್ರೆ ಉಪಯೋಗ, ಸುಳಿಯೊಳಗೆ ಬೆರಳು ಗಾತ್ರ ಆಗಿ ಲದ್ದಿ ಹಾಕ್ತಾ ಕೂತ್ಮೇಲೆ ಬೇವು ಹೊಡೆದು ಬೇವನ್ನ ಬೈಬೇಡಿ. ಹಾಸನದ ಆಲೂಗೆಡ್ಡೆ ಬೆಳೆಗಾರರು ನನ್ನ ಕೇಳೋದುಂಟು, ಅಂಗಮಾರಿಗೆ ಬೇವಿನೆಣ್ಣೆ ಹೊಡೀಬಹುದಾ ಅಂತ. ಬೇಡ. ಮೋಡ ಮುಚ್ಕೊಂಡು ಜಡಿಮಳೆ ಹಿಡಿದಾಗ ಅಂಗಮಾರಿ ಎರಡು ಮೂರು ದಿನಕ್ಕೆ ಹೊಲ ಸುಟ್ಟುಹಾಕುತ್ತೆ, ಅದಕ್ಕೆ ಶಿಫಾರಸಾಗಿರೋ ಶಿಲೀಂಧ್ರನಾಶಕಾನೇ ಬೇಕು, ಬೇವನ್ನ ನಂಬ್ಕೊಂಡು ಕೂತ್ರೆ ಗೆಡ್ಡೆ ಮನೆಗೆ ಬರಲ್ಲ.

ಕಾಳಿಗೆ ಕುಟ್ಟೆ ಹಿಡಿಯೋದಕ್ಕೆ ಮಾತ್ರ ಬೇವಿನಷ್ಟು ಸುಲಭದ್ದು ಇನ್ನೊಂದಿಲ್ಲ. ಬೀಜಕ್ಕೆ ಅಂತ ಇಟ್ಟಿರೋ ಅವರೆ, ಹುರಳಿ, ತೊಗರಿಗೆ ಕೆಜಿಗೆ 3ರಿಂದ 5 ಎಂಎಲ್ ಎಣ್ಣೆ ಕೈಯಲ್ಲಿ ಸವರಿ ಇಡಿ. ತಿನ್ನೋ ಕಾಳಿಗೆ ಬೇಡ, ಕಹಿ ಬಿಡಲ್ಲ, ಅದಕ್ಕೆ ಒಣಗಿದ ಸೊಪ್ಪಿನ ಪದರ ಸಾಕು.

ಹಿಂಡಿ ವಿಷಯಕ್ಕೆ ಬರ್ತೀನಿ, ನಿಮ್ಮ ಸೀಮೇಲಿ ತೆಂಗು ಇರೋದ್ರಿಂದ ಇದು ನಿಮಗೆ ಎಲ್ಲಕ್ಕಿಂತ ಮುಖ್ಯ. ಬೇವಿನ ಹಿಂಡೀಲಿ ಸಾರಜನಕ ಅಂದಾಜು ಶೇ. 5, ರಂಜಕ ಪೊಟ್ಯಾಷ್ ಒಂದು ಒಂದೂವರೆ. ಬರೀ ಗೊಬ್ಬರದ ಲೆಕ್ಕದಲ್ಲಿ ದುಬಾರಿ, ಆದ್ರೆ ಮಣ್ಣಿನ ಜಂತುಹುಳು, ಬೇರು ತಿನ್ನೋ ಗೊಣ್ಣೆಹುಳ ಇವನ್ನೂ ತಡೆಯೋದ್ರಿಂದ ಬೆಲೆ. ತೆಂಗಿನ ಬುಡ ಕೊಳೆಸೋ ಅಣಬೆ ರೋಗ ಕಂಡ ತೋಟದಲ್ಲಿ ಮರಕ್ಕೆ ವರ್ಷಕ್ಕೆ 5 ಕೆಜಿ ಹಿಂಡಿಯನ್ನ ಟ್ರೈಕೋಡರ್ಮ (ರೋಗದ ಶಿಲೀಂಧ್ರ ಹತ್ತಿಕ್ಕೋ ಒಳ್ಳೇ ಶಿಲೀಂಧ್ರ) ಜೊತೆ ಪಾತಿಗೆ ಕೊಡ್ತಾರೆ. ಸುಳಿ ಕೊರೆಯೋ ದುಂಬಿಗೆ ಕಾಲು ಕೆಜಿ ಹಿಂಡಿ ಪುಡಿ, ಕಾಲು ಕೆಜಿ ಮರಳು ಕಲಸಿ ಮೇಲಿನ ಮೂರು ಗರಿಗಳ ಕಂಕುಳಿಗೆ ತುಂಬಿಸಿ, ವರ್ಷಕ್ಕೆ ಮೂರು ಸಲ, ಎಳೇ ತೆಂಗು ಬೇರೆ ಕಡೆ ಉಳಿದಿದ್ರೆ ಅದಕ್ಕಾದ್ರೂ ಇದನ್ನ ತಪ್ಪಿಸಬೇಡಿ. ಕಾಯಿ ಮೇಲೆ ತ್ರಿಕೋನದ ಬಿಳಿ ಮಚ್ಚೆ ಬಂದು ಆಮೇಲೆ ಕಂದು ಗೀರಾಗೋ ನುಸಿಗೆ, ಲೀಟರ್ ನೀರಿಗೆ 20 ಎಂಎಲ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದು, 5 ಗ್ರಾಂ ಸೋಪು, ಎಳೇ ಗೊನೆಗಳಿಗೆ ಬೀಳೋ ಹಾಗೆ. ಶುಂಠಿ ಹಾಕೋರು ನಾಟಿ ಟೈಮಲ್ಲಿ ಹೆಕ್ಟೇರಿಗೆ 2 ಟನ್ ಹಿಂಡಿ ಮಣ್ಣಿಗೆ ಸೇರಿಸಬೇಕು ಅಂತ ಶಿಫಾರಸಿದೆ.

ಕೊಳ್ಳೋವಾಗ ಹುಷಾರು, ಹಿಂಡೀಲಿ ಕಲಬೆರಕೆ ಜಾಸ್ತಿ. ಒಂದು ಚಿಟಿಕೆ ನಾಲಿಗೆ ತುದಿಗೆ ಇಟ್ಟು ನೋಡಿ, ಕಹಿ ನೆತ್ತಿಗೆ ಹತ್ತಬೇಕು. ಸಪ್ಪೆ ಇದ್ರೆ ವಾಪಸ್. ಒಂದು ಹಿಡಿ ಲೋಟದ ನೀರಿಗೆ ಹಾಕಿ, ತಳದಲ್ಲಿ ಮಣ್ಣು ಮರಳು ಕೂತ್ರೂ ವಾಪಸ್. ನಿಮ್ಮದೇ ಬೀಜ ಹತ್ತಿರದ ಗಾಣಕ್ಕೆ ಕೊಟ್ಟು ಎಣ್ಣೆ ಹಿಂಡಿ ಎರಡೂ ತಂದ್ರೆ ಈ ತಾಪತ್ರಯಾನೇ ಇಲ್ಲ, ಆದ್ರೆ ತಿನ್ನೋ ಎಣ್ಣೆ ತೆಗೆಯೋ ಗಾಣದೋರು ಇದಕ್ಕೆ ಒಪ್ಪಲ್ಲ, ವಾಸನೆ ಹೋಗಲ್ಲ ಅಂತ, ಮೊದಲೇ ಕೇಳ್ಕೊಂಡು ಹೋಗಿ. ಯೂರಿಯಾಕ್ಕೆ ಹಿಂಡಿ ಕಲಸಿಡೋ ಹಳೇ ಪದ್ಧತಿ ಈಗ ಬೇಕಾಗಿಲ್ಲ, 2015ರಿಂದ ದೇಶದಲ್ಲಿ ತಯಾರಾಗೋ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸೋದು ಕಡ್ಡಾಯ ಆಗಿದೆ.

ನಿಮ್ಮ ಬಾವನಿಗೆ ಹೇಳಿ, ಕಾಫಿ ತೋಟಕ್ಕೆ ಬೇವು ಬೇಡ. ಮೂಡಿಗೆರೆ ಕಡೆ ಮಳೆ 2000 ಮಿಮೀ ದಾಟುತ್ತೆ, ಜುಲೈ ಆಗಸ್ಟಲ್ಲಿ ನೆಲ ಆರೋದೇ ಇಲ್ಲ, ಅಲ್ಲಿ ಬೇವಿನ ಬೇರು ಉಸಿರುಕಟ್ಟುತ್ತೆ, ಬದುಕಿದ್ರೂ ಸೊರಗಿ ನಿಂತಿರುತ್ತೆ. ಅದೂ ಅಲ್ದೆ ಬೇವು ಎಲೆ ಉದುರಿಸೋದು ಫೆಬ್ರವರಿ ಮಾರ್ಚಲ್ಲಿ, ಅಂದ್ರೆ ಹೂಮಳೆಗೆ ಕಾಯ್ತಾ ಕಾಫಿ ಗಿಡ ಬಿಸಿಲಿಗೆ ಬಾಡ್ತಿರೋ ಹೊತ್ತಲ್ಲೇ. ನೆರಳು ಬೇಕಾದಾಗ ಕೊಡೆ ಮಡಚಿಕೊಳ್ಳೋ ಮರ ಯಾಕೆ? ಅರೇಬಿಕಾ ಇದ್ರೆ ನೆರಳು ತೆಳುವಾದ್ ಕಡೆ ಬಿಳಿ ಕಾಂಡಕೊರಕ ಜಾಸ್ತಿ, ಅದಂತೂ ಅವರಿಗೇ ಗೊತ್ತಿರುತ್ತೆ. ಹಾಲುವಾಣ, ಅತ್ತಿ, ಹಲಸು, ಸಿಲ್ವರ್ ಓಕ್ ಇವೇ ಸಾಕು. ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ನೆರಳಿನ ಮರದ ವಿಷಯಕ್ಕೆ ಅಲ್ಲಿ ಕೇಳಿದ್ರೆ ಹೇಳ್ತಾರೆ. ಆದ್ರೆ ಹಿಂಡಿ ಅವರಿಗೂ ಬೇಕು, ಮೆಣಸಿನ ಬಳ್ಳಿಗೆ ವರ್ಷಕ್ಕೆ ಒಂದೊಂದು ಕೆಜಿ ಟ್ರೈಕೋಡರ್ಮ ಜೊತೆ ಕೊಟ್ರೆ ನಿಧಾನ ಸೊರಗು ರೋಗ ತರೋ ಜಂತುಹುಳು ಕಮ್ಮಿ ಆಗುತ್ತೆ. ಹಂಗಾಗಿ ನೀವು ಬಯಲಲ್ಲಿ ಬೇವು ಬೆಳೀರಿ, ಬಾವನ ತೋಟಕ್ಕೆ ಹಿಂಡಿ ಕಳಿಸಿ, ಅವರು ನಿಮಗೆ ಮೆಣಸು ಕಳಿಸಲಿ.

ಮನೆ ಮುಂದಿನ ಮರ. ದಯವಿಟ್ಟು ಕಡಿಸಬೇಡಿ. ತುದಿ ಒಣಗಿ ಮರ ಸುಟ್ಟ ಹಾಗೆ ಕಾಣ್ತಿರೋದು ನಿಮ್ಮದೊಂದೇ ಅಲ್ಲ, ಈಚಿನ ವರ್ಷಗಳಲ್ಲಿ ಕರ್ನಾಟಕ, ತೆಲಂಗಾಣ ಎಲ್ಲಾ ಕಡೆ ಮಳೆಗಾಲ ಮುಗಿಯೋ ಹೊತ್ತಿಗೆ ಹೀಗಾಗ್ತಿದೆ. ಮೊಬೈಲ್ ಟವರ್ರು, ಯಾರೋ ಆಸಿಡ್ ಹಾಕಿದಾರೆ, ಮಾರಮ್ಮ ಮುನಿದಿದಾಳೆ, ವಾಟ್ಸಾಪಲ್ಲಿ ಎಲ್ಲಾ ಓಡಾಡ್ತು. ಕಾರಣ ಎರಡು, ಒಂದಕ್ಕೊಂದು ಜೊತೆ. ಟೀ ಸೊಳ್ಳೆ ಅಂತ ಒಂದು ಕೀಟ, ಗೋಡಂಬಿ, ಸೀಬೆ, ಕೋಕೋಗೂ ಬರುತ್ತೆ, ಅದು ಎಳೇ ಚಿಗುರಿಗೆ ಸೂಜಿಮೂತಿ ಚುಚ್ಚಿ ರಸ ಹೀರುತ್ತೆ. ಚುಚ್ಚಿದ ಜಾಗ ಕಂದು ಕಲೆಯಾಗಿ ಗಾಯ ಆದ್ಮೇಲೆ ಫೋಮಾಪ್ಸಿಸ್ ಅನ್ನೋ ಶಿಲೀಂಧ್ರ ಸೇರ್ಕೊಂಡು ರೆಂಬೆ ತುದಿಯಿಂದ ಕೆಳಕ್ಕೆ ಒಣಗುತ್ತೆ. ಊರಿನ ಹುಳಕ್ಕೆಲ್ಲ ಔಷಧಿ ಕೊಡೋ ಮರಕ್ಕೇ ಹುಳ ಬಿತ್ತಾ ಅಂತ ನಗಬೇಡಿ, ವೈದ್ಯರಿಗೂ ಜ್ವರ ಬರುತ್ತೆ.

ಒಂದು ಒಣಗಿದ ರೆಂಬೆ ಮುರಿದು ಕೆಳಕ್ಕೆ ಬರ್ತಾ ಉಗುರಲ್ಲಿ ತೊಗಟೆ ಕೆರೆದು ನೋಡಿ, ಎಲ್ಲೋ ಒಂದು ಕಡೆ ಹಸಿರು ಸಿಗುತ್ತೆ. ಸಿಕ್ಕಿದ್ರೆ ಮರ ಬದುಕಿದೆ. ದೊಡ್ಡ ಮರಗಳು ಸಾಮಾನ್ಯವಾಗಿ ಫೆಬ್ರವರಿ ಮಾರ್ಚಲ್ಲಿ ತಾವಾಗೇ ಕೆಂಪು ಚಿಗುರು ಒಡೀತವೆ. ಕೈಗೆ ಸಿಗೋ ಒಣ ರೆಂಬೆಗಳನ್ನ ಹಸಿರು ಶುರುವಾಗೋ ಜಾಗದಿಂದ ಸ್ವಲ್ಪ ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಬೇಸಿಗೇಲಿ ಬುಡಕ್ಕೆ ನಾಲ್ಕು ಬಿಂದಿಗೆ ನೀರು ಹಾಕಿ, ಅಷ್ಟು ಸಾಕು. ದೊಡ್ಡ ಮರದ ನೆತ್ತಿಗೆ ಔಷಧಿ ಹೊಡೆಸೋದು ದುಡ್ಡು ದಂಡ, ಕೆಳಗೆ ಮನೆ, ಮಕ್ಕಳು, ಬಾವಿ ಇರುತ್ತೆ. ಬದುಗೆ ಹಾಕೋ ಹೊಸ ಗಿಡದಲ್ಲಿ ಕಂಡ್ರೆ ಮಾತ್ರ ತುದಿ ಚಿವುಟಿ ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಒಂದ್ಸಲ ಹೊಡೀಬಹುದು.

ಮನೆ ಬಳಕೆ ಬಗ್ಗೆ ಕೇಳಿಲ್ಲ ನೀವು, ಆದ್ರೂ ಒಂದು ಎಚ್ಚರಿಕೆ ಹೇಳಲೇಬೇಕು. ಅಮ್ಮ (ಚಿಕನ್ ಪಾಕ್ಸ್) ಆದಾಗ ಸೊಪ್ಪಿನ ನೀರಲ್ಲಿ ಮೈ ತೊಳೆಸೋದು, ಬೇವಿನ ಕಡ್ಡೀಲಿ ಹಲ್ಲುಜ್ಜೋದು, ಹಸುವಿನ ಉಣ್ಣೆಗೆ ಎಣ್ಣೆ ಸವರೋದು ಇವಕ್ಕೆಲ್ಲ ನನ್ನ ತಕರಾರಿಲ್ಲ. ಎಳೇ ಮಕ್ಕಳಿಗೆ ಜಂತುಹುಳಕ್ಕೆ ಅಂತ ಬೇವಿನೆಣ್ಣೆ ಕುಡಿಸೋದು ಮಾತ್ರ ಖಂಡಿತಾ ಬೇಡ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಿರೋದು ವೈದ್ಯಕೀಯದಲ್ಲಿ ದಾಖಲಾಗಿದೆ. ಬಸುರಿ ಹೆಂಗಸರೂ ಬೇವಿನೆಣ್ಣೆ, ಕಷಾಯ ಹೊಟ್ಟೆಗೆ ತಗೋಬಾರದು. ಶುಗರಿಗೆ ಅಂತ ಬೇವಿನ ರಸ ಕುಡೀತಾ ಮಾತ್ರೆ ಬಿಟ್ಟೋರನ್ನೂ ನೋಡಿದೀನಿ, ಮಾತ್ರೆ ಬಿಡೋದು ಬಿಡದೇ ಇರೋದು ಡಾಕ್ಟ್ರು ಹೇಳಬೇಕಾದ ಮಾತು.

ಕೊನೇದಾಗಿ, ಮನೆ ಹತ್ರ ಇನ್ನೊಂದು ಗಿಡ ಹಾಕೋ ಮನಸ್ಸಿದ್ರೆ ಗೋಡೆಯಿಂದ, ಸಂಪಿನಿಂದ 5 ಮೀಟರಾದ್ರೂ ದೂರ ಇರಲಿ, ಮೇಲೆ ಕರೆಂಟ್ ಲೈನ್ ಹೋಗಿದ್ಯಾ ಅಂತ ಒಂದ್ಸಲ ತಲೆಯೆತ್ತಿ ನೋಡಿ ಆಮೇಲೆ ಗುಂಡಿ ತೋಡಿ. ಆ ಅಡ್ವಾನ್ಸ್ ಕೇಳಿದೋರು ಎಲೆ ತೋರಿಸಿದ್ರೆ ಒಂದು ಫೋಟೋ ತೆಗೆದು ಕಳಿಸಿ, ಕಹಿಬೇವೋ ಹೆಬ್ಬೇವೋ ನೋಡಿ ಹೇಳ್ತೀನಿ.